ಶೇವಂತೆವ್ವ ಹೇಳಿದಳು, ನಾವು ಅನ್ನಲಿಲ್ಲ

ಶೇವಂತೆವ್ವನ ಬಾಯಿ ಬಹಳ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಸುವರ್ಣಾ ಟೀಚರ್, ಅಂದರೆ ನಾನು, ಯಾರನ್ನೋ ದೇವತೆ ಮಾಡಲು ಹೊರಟಿದ್ದಾಳೆ ಎಂದು ನೀವು ತಿಳಿದುಕೊಳ್ಳುತ್ತೀರಿ. ಕುರಿ ಅಡ್ಡ ಬಂದರೆ ಕುರಿಗೆ ಬೈಗುಳ, ಬಸ್ಸು ತಡವಾದರೆ ಕಂಡಕ್ಟರನಿಗೆ ಬೈಗುಳ, ರೊಟ್ಟಿ ಸೀದರೆ ಹಂಚಿಗೆ ಬೈಗುಳ. ತಮ್ಮ ಹೊಲದ ಬನ್ನಿಗಿಡವನ್ನೂ ಆಕೆ ಬಿಟ್ಟವಳಲ್ಲ. ನೀರು ಹಾಕುವಾಗ ಮುಳ್ಳು ಚುಚ್ಚಿದರೆ, "ಏ ಬನ್ನವ್ವಾ, ನೀರ ಹಾಕೂ ಕೈಗೇ ಚುಚ್ಚತಿಯಲ್ಲಬೇ, ಮಾನಾ ಮರ್ಯಾದಿ ಐತೇನು ನಿನಗ?" ಎಂದು ಕೂಗುತ್ತಿದ್ದಳು. ಅದು ಡಾಂಬರು ರಸ್ತೆಯವರೆಗೂ ಕೇಳಿಸುತ್ತಿತ್ತು.

ನಮ್ಮೂರು ಮೋರಟಗಿಯಿಂದ ಆರು ಕಿಲೋಮೀಟರು ಒಳಗೆ. ನಾನು ಹೊರ್ತಿಯಿಂದ ಇಲ್ಲಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಅಂಗನವಾಡಿ ನಡೆಸುತ್ತೇನೆ. ನನ್ನ ಚೊಚ್ಚಲ ಬಾಣಂತನದಲ್ಲಿ, ಹುಟ್ಟಿದ್ದು ಹೆಣ್ಣೆಂದು ಅತ್ತೆ ಎರಡು ಹೊತ್ತು ತಿಳಿಗಂಜಿ ಹಾಕಿ ಕೈತೊಳೆದುಕೊಂಡಾಗ, ಶೇವಂತೆವ್ವ ನಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಆಕೆಯ ಏಳು ತಲೆಮಾರನ್ನು ಜಾಲಾಡಿದಳು. ಆಮೇಲೆ ನಲವತ್ತು ದಿನ ತನ್ನ ಮನೆಯಿಂದಲೇ ತುಪ್ಪ, ಬಿಸಿರೊಟ್ಟಿ, ಅಳವಿ ಬೀಜದ ಪಾಯಸ ತಂದು ನಾನು ಉಣ್ಣುವವರೆಗೂ ಎದುರಿಗೆ ಕೂರುತ್ತಿದ್ದಳು. ಆಕೆ ಕುರಿ ಕಾಯುವ ಮನೆತನದವಳು, ನನಗೆ ಯಾವ ಸಂಬಂಧವೂ ಅಲ್ಲ. ಆದರೂ ಯಕ್ಕಾ ಎಂದು ಬಾಯ್ತುಂಬ ಕರೆಯುತ್ತಿದ್ದೆ. ನನ್ನ ಒಡಹುಟ್ಟಿದವಳೂ ನನಗೆ ಅಷ್ಟು ಮಾಡಿರಲಿಲ್ಲ.

ಬನ್ನಿಗಿಡ ಇರುವುದು ಶೇವಂತೆವ್ವನವರ ಎರಡೆಕರೆ ಹೊಲದ ಬದುವಿನ ಮೇಲೆ. ನವರಾತ್ರಿಯ ಒಂಬತ್ತು ದಿನವೂ ಊರ ಹೆಂಗಸರೆಲ್ಲ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಬರಿಗಾಲಲ್ಲಿ, ಕೈಯಲ್ಲೊಂದು ತಂಬಿಗೆ ಹಿಡಿದು ಅಲ್ಲಿಗೆ ಬರುತ್ತೇವೆ. ಗಿಡಕ್ಕೆ ನೀರು, ಅರಿಷಿಣ, ಕುಂಕುಮ. ಆಮೇಲೆ ಇಪ್ಪತ್ತೊಂದು ಸುತ್ತು, ಸುತ್ತಿಗೊಂದು ಸಲ ಮಂತ್ರ. ಗಿಡ ಯಾರ ಹೊಲದಲ್ಲಿದೆಯೋ ಆ ಮನೆಯ ಹೆಂಗಸು ಮುಂದೆ ನಡೆಯುತ್ತ "ಶಮೀ ಶಮಯತೇ ಪಾಪಂ" ಎಂದು ಹೇಳಬೇಕು, ಹಿಂದಿನವರು ಅದನ್ನೇ ಅನ್ನಬೇಕು. "ಶಮೀ ಶತ್ರುವಿನಾಶಿನೀ" ಎಂದು ಹೇಳಬೇಕು, ಹಿಂದಿನವರು ಅನ್ನಬೇಕು. ಹೇಳುವವಳ ಮನೆಯವರನ್ನು ಬಿಟ್ಟು ಹೊರಗಿನ ಒಬ್ಬಳಾದರೂ ಅನ್ನದೆ ಹೋದರೆ ಆ ಸುತ್ತು ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಹಾಕಬೇಕು. ಒಂಬತ್ತು ದಿನದಲ್ಲಿ ಒಂದು ದಿನವಾದರೂ ಇಪ್ಪತ್ತೊಂದು ಸುತ್ತು ಕೂಡದ ನವರಾತ್ರಿ ಹೇಳುವವಳ ಮನೆಯ ಕೂಸನ್ನು ಬೇಡುತ್ತದೆ ಎಂದು ನಂಬಿಕೆ. ಶೇವಂತೆವ್ವನ ಅತ್ತೆಯ ಕಾಲದಲ್ಲಿ ಊರಲ್ಲಿ ಜಗಳವಾಗಿ ಒಂದು ವರ್ಷ ಸುತ್ತು ಅರ್ಧಕ್ಕೆ ನಿಂತಿದ್ದವಂತೆ, ಆ ವರ್ಷವೇ ಅವರ ಮನೆಯ ತೊಟ್ಟಿಲು ಬರಿದಾಯಿತಂತೆ. ಖರೆಯೋ ಸುಳ್ಳೋ ನನಗೆ ಗೊತ್ತಿಲ್ಲ. ಶೇವಂತೆವ್ವ ಮಾತ್ರ ಅದನ್ನು ರಕ್ತದಲ್ಲಿ ನಂಬಿದ್ದಳು.

ಆಕೆ ಬಾಗೇವಾಡಿ ಕಡೆಯಿಂದ ಹದಿನಾರಕ್ಕೆ ಸೊಸೆಯಾಗಿ ಬಂದವಳು, ಅಕ್ಷರ ಕಲಿತವಳಲ್ಲ. ಮಂತ್ರ ಅತ್ತೆಯ ಬಾಯಿಂದ ಕಿವಿಗೆ ಬಿದ್ದದ್ದು. ಅತ್ತೆಗೆ ಹಿಂದೆ ಯಾವುದೋ ಕುಲಕರ್ಣಿ ಅಜ್ಜಿ ಹೇಳಿಕೊಟ್ಟಿದ್ದಳಂತೆ. ಒಮ್ಮೆ ನಾನು ಪುಸ್ತಕ ನೋಡಿ ಅರ್ಥ ಹೇಳಿದೆ. ಶಮೀ ಅಂದರೆ ಬನ್ನಿ, ಅಕಿ ಪಾಪ ಕಳಿತಾಳ, ವೈರಿಗಳನ್ನ ನಾಶ ಮಾಡ್ತಾಳ ಎಂದೆ. ಶೇವಂತೆವ್ವ ಕುರಿಯ ಕಾಲಿನ ಹುಳ ತೆಗೆಯುತ್ತಿದ್ದವಳು ತಲೆ ಎತ್ತದೆ, "ಎರಡೂ ಕೆಲಸ ಅಕೀನ ಮಾಡಿದ್ರ ಮತ್ತ ಮಂದಿಗೇನ ಕೆಲಸ ಉಳೀತ ತಂಗಿ?" ಎಂದು ನಕ್ಕಳು.

ನಗು ಅಲ್ಲಿಗೆ ಮುಗಿಯಿತು ಎಂದುಕೊಳ್ಳಿ. ಏಕೆಂದರೆ ಇನ್ನು ಭಾಗ್ಯಜ್ಯೋತಿಯ ಮಾತು ಬರುತ್ತದೆ.

ಭಾಗ್ಯಜ್ಯೋತಿ ಚಡಚಣದ ಹುಡುಗಿ. ನಮ್ಮೂರ ಬಸಂತರಾಯರ ಒಬ್ಬನೇ ಮಗ ಚೇತನಕುಮಾರನಿಗೆ ಹೆಂಡತಿಯಾಗಿ ಬಂದವಳು. ಬಸಂತರಾಯರೆಂದರೆ ಅರವತ್ತೆಕರೆ ನೀರಾವರಿ, ಎರಡು ಟ್ರ್ಯಾಕ್ಟರು. ಊರಿಗೆ ಕುಡಿಯುವ ನೀರು ಬರುವುದು ಅವರ ಬೋರಿನಿಂದ. ನನ್ನ ಅಂಗನವಾಡಿ ನಡೆಯುವುದು ಅವರ ಹಳೇ ಗೋದಾಮಿನಲ್ಲಿ. ನನ್ನ ಗಂಡ ಅನೀಲಕುಮಾರ ಅವರದೇ ಕಬ್ಬಿನ ಗಾಡಿಯ ಡ್ರೈವರ್. ಇದನ್ನೆಲ್ಲ ನೆಪ ಹೇಳುವುದಕ್ಕೆ ಬರೆಯುತ್ತಿಲ್ಲ. ಹೌದು, ನೆಪ ಹೇಳುವುದಕ್ಕೇ ಬರೆಯುತ್ತಿದ್ದೇನೆ, ಮತ್ತೆ ಯಾತಕ್ಕೆ?

ಹೋದ ವರ್ಷ ನವರಾತ್ರಿ ಮುಗಿದ ಸ್ವಲ್ಪ ದಿನಕ್ಕೆ ಆ ಹುಡುಗಿ ಬಸಂತರಾಯರ ಕೃಷಿಹೊಂಡದಲ್ಲಿ ಸತ್ತಳು. ಈ ಹೊಂಡಗಳು ನಿಮಗೆ ಗೊತ್ತಿರಬೇಕು. ನೀರು ಇಂಗದಿರಲೆಂದು ತಳದಿಂದ ದಂಡೆಯವರೆಗೆ ಕರಿ ಪ್ಲಾಸ್ಟಿಕ್ ಹಾಸಿರುತ್ತಾರೆ. ಬಿದ್ದವರು ಎಷ್ಟು ಬಡಿದಾಡಿದರೂ ಆ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಅದಕ್ಕೇ ದಂಡೆಯ ಗೂಟಕ್ಕೆ ಒಂದು ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿರುತ್ತಾರೆ. ಕೊಡ ತುಂಬಲು ಹೋಗಿ ಕಾಲು ಜಾರಿತು ಎಂದು ಮನೆಯವರು ಹೇಳಿದರು. ಊರೆಲ್ಲ ಅದನ್ನೇ ಹೇಳಿತು.

ಶೇವಂತೆವ್ವ ಬೇರೆ ಹೇಳಿದಳು. ಆ ಮಧ್ಯಾಹ್ನ ಆಕೆ ಎರಡು ಹೊಲದಾಚೆ ಜಾಲಿಗಿಡದ ನೆರಳಲ್ಲಿ ಕುರಿ ಬಿಟ್ಟು ಕುಳಿತಿದ್ದಳು. ಪೊಲೀಸರು ಬಂದಾಗ ಕರೆಯದೆಯೇ ಎದುರಿಗೆ ಹೋಗಿ ನಿಂತು ಹೇಳಿದ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. "ಹುಡಿಗಿ ಹಗ್ಗ ಹಿಡಕೊಂಡಿತ್ರಿ ಸಾಹೇಬ್ರ. ಅರ್ಧಾ ಮ್ಯಾಲ ಬಂದಿತ್ತ. ಚೇತನ ದಂಡಿ ಮ್ಯಾಲ ನಿಂತು ಗೂಟದಿಂದ ಹಗ್ಗ ಬಿಚ್ಚಿದ. ಅಕಿ ಹಗ್ಗ ಸಮೇತ ಒಳಗ ಹ್ವಾದಳು. ನಾ ಒದರಕೋತ ಓಡಿದೆ, ನನ್ನ ವಯಸ್ಸಿಗೆ ಎಷ್ಟ ಓಡಾಕಾಗತೈತಿ? ನಾ ಮುಟ್ಟೂದ್ರಾಗ ಅಂವ ಹಗ್ಗ ಜಗ್ಗಿ ತಗದು, ಸುರಳಿ ಸುತ್ತಿ, ಮೋಟಾರ್ ಮನ್ಯಾಗ ಇಟ್ಟು ಬಂದಿದ್ದ. ನೀರು ಸುಮ್ಮನಾಗಿತ್ರಿ."

ಊರಿಗೆ ಇದು ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಬದುಕಿದ್ದಾಗ ಆ ಹುಡುಗಿಯ ಕೆನ್ನೆಯ ಮೇಲಿನ ಬೆರಳ ಗುರುತುಗಳನ್ನು ನಾನೇ ಎಷ್ಟು ಸಲ ನೋಡಿ ಬೇರೆ ಕಡೆ ಮುಖ ಮಾಡಿದ್ದೆ. ಸತ್ತಾಕಿ ಅಂತೂ ಸತ್ತಳು, ಇದ್ದವರ ಮನಿ ಯಾಕ ಹಾಳ ಮಾಡೂದು ಎಂದು ಕಟ್ಟೆಯ ಮೇಲೆ ಗಂಡಸರು ಮಾತಾಡಿದರು. ಮನೆಯೊಳಗೆ ಹೆಂಗಸರೂ ಅದನ್ನೇ ಮಾತಾಡಿದೆವು.

ಆಮೇಲೆ ಶೇವಂತೆವ್ವನಿಗೆ ಕಾಟ ಶುರುವಾಯಿತು. ಆಕೆಯ ಓಣಿಗೆ ನೀರು ಬಿಡುವ ವಾಲ್ವು ಕೆಟ್ಟಿತು ಅಂದರು, ವರ್ಷವಾಗುತ್ತ ಬಂದರೂ ರಿಪೇರಿಯಾಗಲಿಲ್ಲ. ಮಗ ಪರಸಪ್ಪನ ಕುರಿಗಳಿಗೆ ಯಾರೂ ಹೊಲದಲ್ಲಿ ರಾತ್ರಿ ಹಿಂಡು ತರುಬಿ ನಿಲ್ಲಿಸಲು ಜಾಗ ಕೊಡಲಿಲ್ಲ. ಮೊಮ್ಮಗಳು ಸುನೀತಾ, ನಾಲ್ಕು ವರ್ಷದ್ದು, ನನ್ನ ಅಂಗನವಾಡಿಗೇ ಬರುತ್ತಿತ್ತು. ಉಳಿದ ತಾಯಂದಿರು ನಮ್ಮ ಮಕ್ಕಳನ್ನ ಅದರ ಬಾಜೂಕ ಕುಂದ್ರಿಸಬ್ಯಾಡ್ರಿ ಟೀಚರ ಎಂದರು. ನಾನು ಆ ಕೂಸನ್ನು ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದ ಪಕ್ಕ ಕೂರಿಸಿದೆ. ಅದು ಯಾಕೆಂದು ಕೇಳಲಿಲ್ಲ, ಕೊಟ್ಟ ಮೊಟ್ಟೆಯನ್ನು ಅಲ್ಲೇ ಕೂತು ತಿನ್ನುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಹಿಟ್ಟಿನ ಗಿರಣಿಯ ಮೀರಾಸಾಬ ಒಬ್ಬ ಮಾತ್ರ ಆಕೆಯ ಜೋಳ ಬೀಸಿ ಕೊಡುತ್ತಿದ್ದ. ಯಾರೋ ಬೆದರಿಸಿದ ಮೇಲೆ ಹಗಲಿಗೆ ಬೆಲ್ಟು ಹರಿದೈತಿ ಎಂದು ಸುಳ್ಳು ಹೇಳುವುದು ಕಲಿತ. ಸಂಜೆಗೆ ಹೆಂಡತಿ ಹಜರಾಬಿಯ ಸೆರಗಿನ ಮರೆಯಲ್ಲಿ ಹಿಟ್ಟಿನ ಡಬ್ಬಿ ಕಳಿಸುತ್ತಿದ್ದ.

ಇಷ್ಟಕ್ಕೆಲ್ಲ ಶೇವಂತೆವ್ವ ಬಗ್ಗಲಿಲ್ಲ. ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ಒಂದು ಮೈಲು ಹಳ್ಳಕ್ಕೆ ಹೋಗಿ ಬರುತ್ತ, ದಾರಿಯುದ್ದಕ್ಕೂ ಊರಿನ ಹೆಸರು ಹಿಡಿದು ಬೈಯುತ್ತಿದ್ದಳು. "ನೀರ ಬಂದ್ ಮಾಡ್ರಿ, ಗಾಳಿ ಬಂದ್ ಮಾಡ್ರಿ, ನನ್ನ ಕಣ್ಣ ಬಂದ್ ಮಾಡ್ರಿ ನೋಡೂಣು!" ಕೋರ್ಟಿನ ತಾರೀಖು ಗೊತ್ತಾಯಿತು. ಈ ವರ್ಷದ ನವರಾತ್ರಿಯ ಐದನೆಯ ದಿನ ಆಕೆ ಸಾಕ್ಷಿ ಹೇಳಬೇಕು. ನೋಡಿದ್ದು ಆಕೆಯೊಬ್ಬಳೇ. ಆಕೆ ಹೇಳಿದರೆ ಚೇತನಕುಮಾರ ಜೈಲಿಗೆ, ಹೇಳದಿದ್ದರೆ ಮನೆಗೆ. ಅಷ್ಟೇ ವಿಷಯ.

ಬಸಂತರಾಯರ ಹೆಂಡತಿ ಗೌರಾಬಾಯಿಗೆ ಒಂದು ಉಪಾಯ ಹೊಳೆಯಿತು. ಗಂಡಸರಿಗೆ ಜನ್ಮದಲ್ಲಿ ಹೊಳೆಯುವಂಥದ್ದಲ್ಲ ಅದು.

ನಮ್ಮ ಹೆಂಗಸರದೊಂದು ವಾಟ್ಸಾಪ್ ಗುಂಪಿದೆ. ನವರಾತ್ರಿಯಲ್ಲಿ ಯಾವ ದಿನ ಯಾವ ಬಣ್ಣದ ಸೀರೆ ಉಡಬೇಕೆಂದು ಗೌರಾಬಾಯಿ ಅದರಲ್ಲಿ ಹಾಕುತ್ತಾರೆ. ಶೇವಂತೆವ್ವನ ಹತ್ತಿರ ಇರುವುದು ಬಟನ್ ಫೋನು. ಇದನ್ನೆಲ್ಲ ಕೇಳಿ ಆಕೆ ಹಿಂದೊಮ್ಮೆ, "ಬನ್ನವ್ವ ಸೀರಿ ಅಂಗಡ್ಯಾವಗ ಒಲದಾಳೇನು?" ಎಂದು ಕೇಳಿದ್ದಳು. ಈ ವರ್ಷ ಘಟ್ಟ ಹಾಕಿ ನವರಾತ್ರಿ ಶುರು ಮಾಡುವ ಹಿಂದಿನ ದಿನ ಬಂದ ಮೆಸೇಜು ಹೀಗಿತ್ತು: "ನಾಳೆ ಹಳದಿ. ಗಿಡಕ್ಕೆ ಎಲ್ಲರೂ ಬರಬೇಕು. ಆಕೆ ಹೇಳಿದ್ದನ್ನು ಯಾರೂ ಅನ್ನಬಾರದು." ಕೆಳಗೆ ಮೂವತ್ತೇಳು ಹೆಂಗಸರು ಕೈಮುಗಿದ ಚಿತ್ರ ಹಾಕಿದರು. ಅದರಲ್ಲಿ ನನ್ನದೂ ಒಂದು.

ಮೊದಲ ನಸುಕು. ಮೂವತ್ತೆಂಟು ಹಳದಿ ಸೀರೆ. ನಾವೆಲ್ಲ ಬಂದದ್ದನ್ನು ನೋಡಿ ಶೇವಂತೆವ್ವನ ಮುಖ ಅರಳಿತು. ಬರುವುದೇ ಇಲ್ಲ ಎಂದುಕೊಂಡಿದ್ದಳೇನೋ ಪಾಪ. "ಬಂದ್ರೇನಬೇ! ಮನಶ್ಯಾರು ಅದೀರಿ ಹಂಗಾರ!" ಎಂದು ನಗುತ್ತ ಗಿಡಕ್ಕೆ ನೀರು ಹಾಕಿ ಮುಂದೆ ನಡೆದಳು. "ಶಮೀ ಶಮಯತೇ ಪಾಪಂ" ಎಂದಳು.

ಯಾರೂ ಅನ್ನಲಿಲ್ಲ. ಬಳೆಗಳ ಸದ್ದು, ಹೆಜ್ಜೆಗಳ ಸದ್ದು ಮಾತ್ರ ಕೇಳಿತು.

ಕೇಳಿಸಲಿಲ್ಲ ಎಂದುಕೊಂಡು ಆಕೆ ದನಿ ಎತ್ತಿದಳು. ಆಗಲೂ ಇಲ್ಲ. ಸುತ್ತು ಮುಗಿಸಿ ತಿರುಗಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ನಾನು ತಂಬಿಗೆಯೊಳಗೆ ನೋಡುತ್ತಿದ್ದೆ. ಆಗ ಆಕೆಗೆ ಅರ್ಥವಾಯಿತು. ಬೈಯುತ್ತಾಳೆಂದು ನಾನು ಕಾದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಬನ್ನಿಯ ಕಡೆ ತಿರುಗಿ ಮತ್ತೆ ಹೇಳಿದಳು. ನಾವು ಬಾಯಿ ಮುಚ್ಚಿಕೊಂಡು ನಮ್ಮ ಇಪ್ಪತ್ತೊಂದು ಸುತ್ತು ಮುಗಿಸಿ, ಕುಂಕುಮ ಹಚ್ಚಿಕೊಂಡು ಮನೆಗೆ ಹೊರಟೆವು. ಶೇವಂತೆವ್ವ ಹೊರಡಲಿಲ್ಲ. ಯಾರೂ ಅನ್ನದ ಸುತ್ತು ಲೆಕ್ಕಕ್ಕಿಲ್ಲವಲ್ಲ! ದಾರಿಯಲ್ಲಿ ಹೋಗುವ ಒಬ್ಬಳಾದರೂ ಅಂದಾಳು ಎಂದು ಕಾದಿರಬೇಕು. ನಾನು ಅಂಗನವಾಡಿಯ ಬೀಗ ತೆಗೆಯುವಾಗ ನೋಡಿದರೆ, ಬಿಸಿಲು ಏರಿದ ಮೇಲೂ ಆ ಮುದುಕಿ ಗಿಡ ಸುತ್ತುತ್ತಲೇ ಇದ್ದಳು.

ಎರಡನೆಯ ದಿನ ಹಸಿರು. ಮೂರನೆಯ ದಿನ ಬೂದು ಬಣ್ಣ. ಬನ್ನಿಯ ಬುಡದಲ್ಲಿ ಉದುರಿದ ಮುಳ್ಳು ಎಷ್ಟು ಗುಡಿಸಿದರೂ ಇರುತ್ತವೆ. ಇಪ್ಪತ್ತೊಂದು ಸುತ್ತಿಗೆ ಅವು ಏನೂ ಮಾಡುವುದಿಲ್ಲ, ಇನ್ನೂರು ಸುತ್ತಿಗೆ ಕಾಲು ಹರಿಯುತ್ತವೆ. ಮೂರನೆಯ ದಿನ ನಾವು ನಡೆಯುವಾಗ ಮಣ್ಣಿನ ಮೇಲೆ ಆಕೆಯ ಹಿಮ್ಮಡಿಯ ಗುರುತು ಒದ್ದೆಯಾಗಿತ್ತು. ಹಿಂದಿದ್ದ ಒಬ್ಬಳು ಕಿಸಕ್ಕನೆ ನಕ್ಕಳು. ಯಾರೆಂದು ನನಗೆ ಗೊತ್ತು, ಹೆಸರು ಬರೆಯುವುದಿಲ್ಲ.

ಮೂರನೆಯ ಸಂಜೆ ಮೊಮ್ಮಗಳಿಗೆ ಜ್ವರ ಬಂತು. ಮಳೆಗಾಲದ ಕೊನೆಗೆ ಎಲ್ಲ ಮಕ್ಕಳಿಗೂ ಬರುವ ಜ್ವರ. ನನ್ನ ಅಂಗನವಾಡಿಯಲ್ಲೇ ಆರು ಮಕ್ಕಳು ಮಲಗಿದ್ದವು. ಆದರೆ ಶೇವಂತೆವ್ವನ ಕಣ್ಣಲ್ಲಿ ಅದು ಆ ಜ್ವರವಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಗೌರಾಬಾಯಿ ನನ್ನನ್ನು ಕರೆಸಿದರು. ಚಹಾ ಕೊಟ್ಟರು. "ನೀವು ಅಕಿ ಗೆಳತೀರಿ, ಟೀಚರ. ನೀವ ಹೇಳ್ರಿ. ನಾಳೆ ಕೋರ್ಟಿನ್ಯಾಗ ಕಣ್ಣ ಕಾಣೂದಿಲ್ಲ ಅಂತ ಒಂದ ಮಾತ ಅಂದ್ರ ಸಾಕ. ನಾಡದ ನಾವೆಲ್ಲಾರೂ ಅಂತೇವಿ. ಕೂಸಿಗೂ ಚೊಲೊ ಆಗತೈತಿ." ಕೊನೆಯ ಮಾತನ್ನು ಬಿಸ್ಕೀಟು ಮುಂದೆ ತಳ್ಳುತ್ತ ಹೇಳಿದರು. ನನಗೆ ಮೈ ಉರಿಯಿತು. ಆದರೂ ಆ ಬಿಸ್ಕೀಟು ತಿಂದೆ, ಸಂಜೆ ಶೇವಂತೆವ್ವನ ಮನೆಗೂ ಹೋದೆ.

ವರ್ಷದಲ್ಲಿ ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಸುನೀತಾ ಕಂಬಳಿಯಲ್ಲಿ ಮಲಗಿತ್ತು. ಶೇವಂತೆವ್ವ ಕಾಲಿಗೆ ಅರಿಷಿಣ ಮೆತ್ತಿ ಹಳೇ ಅರಿವೆ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ನನ್ನನ್ನು ನೋಡಿ, "ಬಾ ತಂಗಿ, ಉಂಡೇನು?" ಎಂದಳು. ನನಗೆ ಅಳು ನುಗ್ಗಿ ಬಂತು. ಅಳದೆ, ಕಲಿತು ಬಂದ ಪಾಠ ಒಪ್ಪಿಸಿದೆ.

ಆಕೆ ಕಾಲಿನ ಅರಿವೆ ಬಿಗಿದುಕೊಂಡಳು. "ಆ ಹುಡಿಗಿ ನನ್ನ ನೋಡಿತ್ತ ತಂಗಿ. ಹಗ್ಗ ಹಿಡಕೊಂಡು ನನ್ನ ಕಡೇನ ನೋಡಿತ್ತ."

"ಯಕ್ಕಾ, ಅಕಿ ಹೋದಾಕಿ. ಇದು ಇರೂ ಕೂಸು."

"ನೀರ ಬಂದ್ ಆದ್ರ ಹಳ್ಳ ಐತಿ. ಬನ್ನವ್ವನ ಮುನದ್ರ ಎಲ್ಲಿಗೆ ಹೋಗಲಿ? ನಾಕ ದಿನಾ ಆತು, ಒಂದ ಸುತ್ತ ಕೂಡಿಲ್ಲ. ಒಂದಽ ಒಂದು." ಕೂಸಿನ ಹಣೆ ಮುಟ್ಟಿ ನೋಡಿದಳು. "ನಾ ಹಂಗ ಅಂದ್ರ ನೀವು ಖರೇನ ಅಂತೀರೇನ?"

"ನಾನ ಮೊದಲ ಅಂತೇನಿ, ಯಕ್ಕಾ. ನನ್ನ ಮಕ್ಕಳಾಣಿ."

ಯಾರೂ ಕೇಳದೆ ನಾನಾಗಿಯೇ ಆಣೆ ಇಟ್ಟೆ. ಶೇವಂತೆವ್ವ ನನ್ನ ಮುಖವನ್ನೇ ನೋಡಿ ಗೋಣು ಆಡಿಸಿದಳು. ನನ್ನ ಮಾತನ್ನು ನಂಬಿದಳು.

ಕೋರ್ಟಿಗೆ ಹೋದದ್ದು ಬಸಂತರಾಯರ ಜೀಪಿನಲ್ಲಿ. ಜೊತೆಗೆ ನನ್ನನ್ನೂ ಕಳಿಸಿದ್ದರು. ಚೇತನಕುಮಾರ ಜಾಮೀನಿನ ಮೇಲಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಒಳಗೆ ನಿಂತಿದ್ದ. ಸರಕಾರಿ ವಕೀಲರು ಕೇಳಿದ್ದಕ್ಕೆ ಶೇವಂತೆವ್ವ, "ಕಣ್ಣ ಮಂಜ ಆಗ್ಯಾವ್ರಿ. ಯಾರೋ ನಿಂತಂಗ ಇತ್ರಿ, ಯಾರಂತ ಗೊತ್ತಾಗಲಿಲ್ರಿ" ಎಂದಳು. ಪೊಲೀಸರ ಮುಂದೆ ಬೇರೆ ಹೇಳಿದ್ದಿರಲ್ಲ ಎಂದರು. "ಅವರು ಏನ ಬರಕೊಂಡ್ರೋ ನನಗ ಓದಾಕ ಬರೂದಿಲ್ರಿ." ಊರು ನಡುಗುವಂತೆ ಬೈಯುತ್ತಿದ್ದ ಆ ಬಾಯಿ ಅಲ್ಲಿ ಮುಂದಿನವರಿಗೂ ಕೇಳದಷ್ಟು ಸಣ್ಣಗಾಗಿತ್ತು, ಎರಡು ಸಲ ಜೋರಾಗಿ ಹೇಳಿ ಎಂದು ಹೇಳಿಸಿದರು. ಹತ್ತು ನಿಮಿಷದಲ್ಲಿ ಮುಗಿಯಿತು.

ಹೊರಗೆ ವರಾಂಡದ ಬೆಂಚಿನ ಮೇಲೆ ಭಾಗ್ಯಜ್ಯೋತಿಯ ತಾಯಿ ಶಂಕ್ರೆವ್ವ ಕೂತಿದ್ದಳು. ಆಕೆಯೂ ಸಾಕ್ಷಿ. ತನ್ನ ಪಾಳಿ ಬರುವವರೆಗೆ ಒಳಗೆ ಬಿಡುವಂತಿಲ್ಲ. ಒಳಗೆ ಏನಾಯಿತೆಂದು ಆಕೆಗೇನು ಗೊತ್ತು? ಶೇವಂತೆವ್ವ ಕುಂಟುತ್ತ ಹೊರಬಂದದ್ದೇ ಎದ್ದು ಬಂದು, ಅರಿವೆ ಸುತ್ತಿದ ಆ ಎರಡೂ ಪಾದ ಹಿಡಿದು ತಲೆ ಇಟ್ಟಳು. "ಯಕ್ಕಾ, ನಿನ್ನ ಹೊಟ್ಟಿ ತಣ್ಣಗಿರಲಿ. ನನ್ನ ಮಗಳ ಬಾಯಿ ನೀನ ಆದಿ."

ಶೇವಂತೆವ್ವ ಗೋಡೆ ಹಿಡಿದುಕೊಂಡಳು. ನಾನು ಆಕೆಯ ರಟ್ಟೆ ಹಿಡಿದು ಎಳೆದು ಜೀಪಿಗೆ ಹತ್ತಿಸಿದೆ. ಊರು ಬರುವವರೆಗೆ ಆಕೆ ಒಂದೇ ಒಂದು ಮಾತಾಡಿದಳು. "ನಾಳೆ ನೀ ಮೊದಲ ಅನಬೇಕ ನೋಡು."

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಫೋನಿಗೆ ಮೆಸೇಜು ಬಂದಿತ್ತು. "ನಾಳೆ ಕೆಂಪು. ಮೊದಲಿನಂತೆಯೇ."

ಏನೋ ತಪ್ಪಾಗಿದೆ ಎಂದು ಗೌರಾಬಾಯಿಯ ಮನೆಗೆ ಓಡಿದೆ. ಅವರು ಹೂ ಕಟ್ಟುತ್ತಿದ್ದರು. "ತೀರ್ಪ ಇನ್ನೂ ಆಗಿಲ್ಲಲ್ಲ ಟೀಚರ. ಇವತ್ತ ಕಾಣೂದಿಲ್ಲ ಅಂದಾಕಿಗೆ ನಾಳೆ ಕಂಡೀತು. ತೀರ್ಪ ಆಗಲಿ, ಆಮ್ಯಾಲ ನೋಡೂಣು." ನಾನು ಮಾತು ಕೊಟ್ಟೇನಿರಿ ಎಂದೆ. "ಕೊಡ್ರಿ ಅಂತ ನಾ ಹೇಳಿದ್ನೇನ್ರಿ?" ಎಂದರು. ಆಮೇಲೆ ಗೋದಾಮಿನ ತಗಡು ಸೋರುತ್ತಿದೆಯೇ ಎಂದು ಬಹಳ ಪ್ರೀತಿಯಿಂದ ವಿಚಾರಿಸಿದರು.

ಆರನೆಯ ನಸುಕು. ಮೂವತ್ತೆಂಟು ಕೆಂಪು ಸೀರೆ. ಶೇವಂತೆವ್ವ ನನ್ನನ್ನೇ ನೋಡುತ್ತ, ನಡೆಯಲಾರದ ಕಾಲು ಎತ್ತಿಟ್ಟು ಹೇಳಿದಳು. "ಶಮೀ ಶಮಯತೇ ಪಾಪಂ."

ನನ್ನ ಬಾಯಿ ತೆರೆದಿತ್ತು. ದೇವರಾಣೆಗೂ ತೆರೆದಿತ್ತು. ಬೇರೆ ಯಾರಾದರೂ ಒಬ್ಬರು ಶುರು ಮಾಡಲಿ, ನಾನು ಸೇರಿಕೊಳ್ಳುತ್ತೇನೆ ಎಂದು ಅಕ್ಕಪಕ್ಕ ನೋಡಿದೆ. ಗೌರಾಬಾಯಿ ನನ್ನ ಎಡಕ್ಕಿದ್ದರು. ಬಾಯಿ ಮುಚ್ಚಿಕೊಂಡೆ.

ಶೇವಂತೆವ್ವ ನಿಂತೇಬಿಟ್ಟಳು. "ಸುವರ್ಣಾ" ಎಂದಳು. ನನ್ನ ಹೆಸರು ಅಷ್ಟೇ. ಆಮೇಲೆ ತಿರುಗಿ ನಡೆದಳು. ಏಳು, ಎಂಟು, ಎರಡು ದಿನವೂ ಹಾಗೇ. ನಡೆಯುವುದು ಹೋಗಿ ಕೈಯೂರಿ ತೆವಳುವುದಾಯಿತು. ಪರಸಪ್ಪ ಬಂದು ಸಾಕು ಬಿಡಬೇ ಎಂದು ಅತ್ತು ಎಳೆದರೆ ಅವನ ಕೈ ಕಚ್ಚಿದಳು. ಕೂಸಿನ ಜ್ವರ ಇಳಿಯಲಿಲ್ಲ. ಅದನ್ನು ಸಿಂದಗಿಗೆ ಕರೆದೊಯ್ದು ಸಲೈನು ಹಚ್ಚಿಸಿದರು. ನಾವು ದಿನಾ ಬಣ್ಣ ಬದಲಿಸಿ ಬಂದೆವು. ಎಂಟನೆಯ ದಿನ ಹೆಂಗಸರಲ್ಲಿ ಒಂದು ಸುದ್ದಿ ಓಡಾಡಿತು. ಚೇತನನಿಗೆ ಮುದ್ದೇಬಿಹಾಳ ಕಡೆ ಹೆಣ್ಣು ನೋಡಿದ್ದಾರಂತೆ, ಡಿಗ್ರಿ ಆಗಿದೆಯಂತೆ. ಗಿಡ ಸುತ್ತುತ್ತಲೇ ಅದನ್ನು ಒಬ್ಬರ ಕಿವಿಗೊಬ್ಬರು ಹೇಳಿದರು. ಅದಕ್ಕೆ ಬಾಯಿ ಬಂತು ನೋಡಿ ನಮಗೆ!

ಒಂಬತ್ತನೆಯ ನಸುಕು. ಸುತ್ತು ಕೂಡಿಸಲು ಅದೇ ಕೊನೆ. ಶೇವಂತೆವ್ವ ಬಡಿಗೆ ಊರಿ ನಿಂತಿದ್ದಳು. ದನಿ ಸತ್ತು ಹೋಗಿತ್ತು. ಬರೀ ಉಸಿರಿನಲ್ಲಿ ಹೇಳಿದಳು. "ಶಮೀ ಶಮಯತೇ ಪಾಪಂ."

"ಶಮೀ ಶಮಯತೇ ಪಾಪಂ" ಎಂದು ಹಿಂದಿನಿಂದ ಒಂದು ದನಿ ಬಂತು.

ಮೂವತ್ತೆಂಟು ತಲೆ ಒಮ್ಮೆಲೇ ತಿರುಗಿದವು. ಬದುವಿನ ಆ ತುದಿಯಲ್ಲಿ ಶಂಕ್ರೆವ್ವ ನಿಂತಿದ್ದಳು. ಒದ್ದೆ ಕೂದಲು, ಬರಿಗಾಲು, ಕೈಯಲ್ಲಿ ತಂಬಿಗೆ. ಹಿಂದಿನ ಸಂಜೆಯ ಬಸ್ಸಿಗೆ ಚಡಚಣದಿಂದ ಬಂದು ಮೀರಾಸಾಬನ ಮನೆಯಲ್ಲಿ ಉಳಿದಿದ್ದಳಂತೆ. ಕೋರ್ಟಿನಲ್ಲಿ ನಡೆದದ್ದು ಸಾಕ್ಷಿಯ ದಿನವೇ ವಕೀಲರಿಂದ ಗೊತ್ತಾಗಿತ್ತು. ಜಾಡಿಸಿ ಕೇಳಬೇಕೆಂದೇ ಬಸ್ಸು ಹತ್ತಿದ್ದಳಂತೆ. ಈ ಸುತ್ತುಗಳ ಸಂಗತಿಯನ್ನೆಲ್ಲ ಹಜರಾಬಿ ಆಕೆಗೆ ಹೇಳಿದ್ದಳು.

ಆಕೆಯನ್ನು ನೋಡಿದ್ದೇ ಶೇವಂತೆವ್ವನ ಕೈಯ ಬಡಿಗೆ ಜಾರಿತು. ಎರಡೂ ಕೈ ಮುಗಿದಳು. "ಬ್ಯಾಡವ್ವಾ. ನೀ ಅನಬ್ಯಾಡ. ಬೇಕಾದ್ರ ಹೊಡಿ, ಕೊರಳ ಹಿಚುಕು. ಅನಬ್ಯಾಡ."

ಶಂಕ್ರೆವ್ವ ಹತ್ತಿರ ಬಂದು ಬಡಿಗೆ ಎತ್ತಿ ಆಕೆಯ ಕೈಗೆ ಕೊಟ್ಟಳು. ಮುಖದಲ್ಲಿ ಕರುಣೆ ಇರಲಿಲ್ಲ, ಅದನ್ನು ನಾನು ಸ್ಪಷ್ಟವಾಗಿ ನೋಡಿದೆ. "ಹೇಳು" ಎಂದಳು. "ನಿನ್ನ ಮನಿ ಕೂಸರೇ ಉಳೀಲಿ. ಹೇಳು."

"ನನ್ನ ನಾಲಿಗಿ ಹೊಳ್ಳೂದಿಲ್ಲವ್ವಾ."

"ಕೋರ್ಟಿನ್ಯಾಗ ಹೊಳ್ಳೇತಲ್ಲ. ಹೇಳು."

ಶೇವಂತೆವ್ವ ಹೇಳಿದಳು. ಶಂಕ್ರೆವ್ವ ಅಂದಳು. ಪ್ರತಿ ಸುತ್ತಿಗೂ ಶೇವಂತೆವ್ವ ನಿಲ್ಲುತ್ತಿದ್ದಳು, ಅಳುತ್ತಿದ್ದಳು, ಬಿಟ್ಟುಬಿಡು ಎನ್ನುತ್ತಿದ್ದಳು. ಶಂಕ್ರೆವ್ವ ಒಂದನ್ನೂ ಬಿಡಲಿಲ್ಲ. ನಾವು ಯಾರೂ ಅವರ ಹಿಂದೆ ನಡೆಯಲಿಲ್ಲ. ಗೌರಾಬಾಯಿ ಮಾತ್ರ ಐದನೆಯ ಸುತ್ತಿಗೆ ಮುಖ ಗಂಟು ಹಾಕಿಕೊಂಡು ಹೊರಟುಹೋದರು. ಅವರ ಹಿಂದೆ ಹತ್ತು ಹದಿನೈದು ಜನ ಹೋದರು. ಮೂಡಣ ಕೆಂಪಾಗುವಾಗ ಇಪ್ಪತ್ತು ಸುತ್ತು ಮುಗಿದಿದ್ದವು.

ಆಗ ನನಗೆ ಧೈರ್ಯ ಬಂತು ನೋಡಿ. ಗೌರಾಬಾಯಿ ಹೋಗಿದ್ದರಲ್ಲ! ಇಪ್ಪತ್ತೊಂದನೆಯ ಸುತ್ತಿಗೆ ಶೇವಂತೆವ್ವ "ಶಮೀ" ಎನ್ನುವಷ್ಟರಲ್ಲೇ ನಾನು ಸಾಲಿನಿಂದ ಮುಂದೆ ಬಂದು, ಕಣ್ಣೀರು ಒರೆಸಿಕೊಳ್ಳುತ್ತ, ಜೋರಾಗಿ ದನಿ ಕೂಡಿಸಿದೆ.

ಶಂಕ್ರೆವ್ವ ನಿಂತಳು. ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀ ಬಾಯಿ ಮುಚ್ಚು, ಟೀಚರ. ಇದು ಲೆಕ್ಕಕ್ಕ ಹಿಡಿಯೂ ಸುತ್ತ ಐತಿ."

ನಾನು ಮುಚ್ಚಿದೆ. ಕೊನೆಯ ಸುತ್ತಿಗೆ ಅವರಿಬ್ಬರೇ ಹೋದರು.